ಮೀನಿನ ತೊಟ್ಟಿಗೆ ಮೈಲುತುತ್ತ ಬೇಡ, ಸೌತೆಕಾಯಿ ಸಾಕು

ನಮ್ಮ ಹುಲಗೂರಿನಂಥ ಊರಿಗೂ ಈಗ ಅಕ್ವೇರಿಯಂ ಬಂದಿದೆ. ಸಲೂನಿನ ಕನ್ನಡಿ ಪಕ್ಕ ಒಂದು, ಮೊಬೈಲ್ ಅಂಗಡಿಯ ಕೌಂಟರ್ ಮೇಲೆ ಒಂದು, ಹೊಸ ಮನೆ ಕಟ್ಟಿಸಿದವರ ಪಡಸಾಲೆಯಲ್ಲಿ ಟಿವಿ ಕೆಳಗೆ ಒಂದು. ಮೊದಲು ಅದರೊಳಗೆ ಪ್ಲಾಸ್ಟಿಕ್ ಗಿಡ, ನೀಲಿ ಕಲ್ಲು, ಬಾಯಿ ತೆರೆದು ಗುಳ್ಳೆ ಬಿಡುವ ಗೊಂಬೆ ಇರುತ್ತಿದ್ದವು. ಈಗ ಹುಡುಗರು ಯೂಟ್ಯೂಬ್ ನೋಡಿ ಜೀವಂತ ಗಿಡ ನೆಡುತ್ತಾರೆ. ಗಿಡ ನೆಟ್ಟ ಮೂರನೇ ವಾರಕ್ಕೆ ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಬಸವನಹುಳು ಕಾಣುತ್ತದೆ. ಎರಡು ತಿಂಗಳಿಗೆ ಎಣಿಸಲು ಬಾರದಷ್ಟು ಆಗುತ್ತವೆ. ಆಗ ನಮಗೆ ಫೋನ್ ಬರುತ್ತದೆ: "ಸರ್, ಹುಳಾ ಭಾಳ ಆಗ್ಯಾವ್ರಿ, ಏನ್ ಹಾಕೋಣ?"

ಹೊಲದಲ್ಲಿ ಹುಳು ಬಿದ್ದರೆ ಔಷಧದ ಅಂಗಡಿಗೆ ಹೋಗಿ "ಏನು ಹೊಡೀಬೇಕ್ರಿ" ಅಂತ ಕೇಳುವುದು ನಮ್ಮ ಕಡೆ ರೂಢಿ. ಮೀನಿನ ತೊಟ್ಟಿಗೂ ಅದೇ ಪ್ರಶ್ನೆ ಬರುತ್ತದೆ. ಅದಕ್ಕೆ ನಾವು ಕೊಡುವ ಉತ್ತರ ಕೇಳಿದವರಿಗೆ ಅಷ್ಟು ರುಚಿಸುವುದಿಲ್ಲ. ಏನೂ ಹಾಕಬೇಡಿ, ಈಗ ಹಾಕುತ್ತಿರುವುದನ್ನು ಕಡಿಮೆ ಮಾಡಿ ಅನ್ನುತ್ತೇವೆ. ಫೋನಿನಲ್ಲಿ ಇಷ್ಟನ್ನೇ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ಒಮ್ಮೆ ವಿವರವಾಗಿ ಬರೆದುಬಿಡೋಣ ಅನ್ನಿಸಿತು.

ಈ ಫೋನು ನಮಗೇ ಏಕೆ ಬರುತ್ತದೆ ಅಂದರೆ, ನಾವು ಅಣ್ಣತಮ್ಮ ಸೇರಿ ಮನೆಯ ಮಾಳಿಗೆ ಮೇಲೆ ಐದು ಸಿಮೆಂಟ್ ತೊಟ್ಟಿ ಇಟ್ಟಿದ್ದೇವೆ. ಮೇಲೆ ಹಸಿರು ನೆರಳಿನ ಬಲೆ. ಅದರಲ್ಲಿ ಗಪ್ಪಿ ಮೀನು ಮತ್ತು ನೀರೊಳಗಿನ ಗಿಡ ಬೆಳೆಸಿ ಹುಬ್ಬಳ್ಳಿಯ ಅಂಗಡಿಗಳಿಗೆ ಕೊಡುತ್ತೇವೆ. ಸುದ್ದಿ ಕಳಿಸುವ ಕೆಲಸದಿಂದ ಮನೆ ನಡೆಯುತ್ತದೆಯೇ ಎಂದು ಈ ತಾಣ ಓದುವವರು ಕೇಳುವುದಿಲ್ಲ, ಅವರಿಗೆ ಗೊತ್ತು. ಬಸ್ಸಿನ ಖರ್ಚು, ಫೋನಿನ ರೀಚಾರ್ಜು, ಅವ್ವನ ಬಿಪಿ ಗುಳಿಗೆ ಎಲ್ಲ ಈ ಗಿಡದ ದುಡ್ಡಿನಿಂದಲೇ ಆಗುತ್ತವೆ. ಒಂದು ಬೇಸಿಗೆಯಲ್ಲಿ ಒಂದು ಅಂಗಡಿಯವರು ನಮ್ಮ 40 ಕಟ್ಟು ಗಿಡ ವಾಪಸ್ ಕಳಿಸಿದರು. "ಗಿಡ ಚಲೋ ಅದಾವ್ರಿ. ಆದ್ರ ಹುಳಾ ಬರ್ತಾವು, ಗಿರಾಕಿ ನಮಗ ಬೈತಾರ" ಅಂದರು. ಮುಂದಿನ ಎರಡು ವಾರ ಆರ್ಡರೇ ಇಲ್ಲ. ಅಲ್ಲಿಯತನಕ ಬಸವನಹುಳು ನಮಗೆ ನೋಡಲು ಚಂದದ ಜೀವಿ. ಅವತ್ತಿನಿಂದ ಅದು ಮನೆಯ ಲೆಕ್ಕದ ಪುಸ್ತಕಕ್ಕೆ ಬಂತು.

ಮೊದಲು ಯಾವ ಹುಳು ಅಂತ ಗುರುತಿಸಬೇಕು. ನಮ್ಮ ಕಡೆಯ ತೊಟ್ಟಿಗಳಲ್ಲಿ ಹೆಚ್ಚಾಗಿ ಸಿಗುವುದು ಮೂರು ಥರ. ಚಕ್ಕುಲಿಯಂತೆ ಒಂದೇ ಮಟ್ಟದಲ್ಲಿ ಸುತ್ತಿಕೊಂಡ ಚಿಪ್ಪಿನದು ಒಂದು. ಇಂಡೊಪ್ಲಾನಾರ್ಬಿಸ್ ಅಂತ ಅದರ ಹೆಸರು. ಇದು ನಮ್ಮದೇ ಕೆರೆ, ಹೊಂಡ, ಭತ್ತದ ಗದ್ದೆಯ ಹುಳು. ಎರಡನೆಯದು ಸಣ್ಣಗೆ, ಮೊಟ್ಟೆಯಾಕಾರಕ್ಕೆ, ತೆಳು ಚಿಪ್ಪಿನದು. ಚಿಪ್ಪಿನ ತುದಿ ಮೇಲೆ ಮಾಡಿ, ಬಾಯಿ ನಿಮ್ಮ ಕಡೆ ಮಾಡಿ ಹಿಡಿಯಿರಿ. ಬಾಯಿ ಎಡಕ್ಕೆ ಇದ್ದರೆ ಅದು ಫೈಸಾ, ಉತ್ತರ ಅಮೆರಿಕದಿಂದ ಪ್ರಪಂಚದ ತುಂಬ ಹರಡಿದ ಹುಳು. ಬಲಕ್ಕೆ ಇದ್ದರೆ ಲಿಮ್ನಿಯಾ, ಅದೂ ನಮ್ಮ ಕೆರೆಯದೇ. ನೋಡಲು ಎರಡೂ ಒಂದೇ ಥರ ಇರುವುದರಿಂದ ನಾವು ಒಂದೇ ಗುಂಪಿಗೆ ಹಾಕುತ್ತೇವೆ. ಮೂರನೆಯದು ತಿರುಪು ಮೊಳೆಯಂತೆ ಉದ್ದಕ್ಕೆ, ಚೂಪಾಗಿ ಇರುತ್ತದೆ. ಹಗಲೆಲ್ಲ ಮರಳೊಳಗೆ ಹುದುಗಿ ರಾತ್ರಿ ಮೇಲೆ ಬರುತ್ತದೆ. ಮೆಲನಾಯ್ಡಿಸ್ ಎನ್ನುವ ಇದಕ್ಕೆ ನಾವು ಮನೆಯಲ್ಲಿ ಮೊಳೆಹುಳು ಅನ್ನುತ್ತೇವೆ.

ಇವು ಯಾಕೆ ಇಷ್ಟು ಬೇಗ ಹೆಚ್ಚುತ್ತವೆ? ಚಕ್ಕುಲಿ ಹುಳು ಮತ್ತು ಫೈಸಾ ಎರಡರಲ್ಲೂ ಗಂಡು ಹೆಣ್ಣು ಬೇರೆ ಇಲ್ಲ. ಒಂದೇ ಹುಳದಲ್ಲಿ ಎರಡೂ ಇರುತ್ತದೆ, ಜೋಡಿ ಸಿಗದಿದ್ದರೂ ಮೊಟ್ಟೆ ಇಡಬಲ್ಲವು. ಎಲೆಯ ಹಿಂದೆ ಅಂಟಿನಂಥ ಪಾರದರ್ಶಕ ಮುದ್ದೆ, ಅದರೊಳಗೆ ಸಾಬೂದಾಣಿಯಂತೆ ಚುಕ್ಕೆ ಚುಕ್ಕೆ ಮೊಟ್ಟೆ. ನಮ್ಮ ಕಡೆಯ ಸೆಕೆಗೆ ಒಂದೆರಡು ವಾರದಲ್ಲಿ ಒಡೆದು ಮರಿ ಬರುತ್ತವೆ. ಮೊಳೆಹುಳು ಮೊಟ್ಟೆಯನ್ನೂ ಇಡುವುದಿಲ್ಲ, ನೇರ ಮರಿ ಹಾಕುತ್ತದೆ, ಅದೂ ಗಂಡಿನ ಹಂಗಿಲ್ಲದೆ. ಹೀಗಾಗಿ "ಒಂದೇ ಒಂದು ಬಂದಿತ್ತು ಸರ್" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಒಂದೇ ಸಾಕು.

ನೀರೂ ಅವಕ್ಕೆ ಸಹಾಯ ಮಾಡುತ್ತದೆ. ನಮ್ಮ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪದರ ಕೂರುತ್ತದಲ್ಲ, ಅದು ಸುಣ್ಣದ ಅಂಶ. ಬಸವನಹುಳು ಚಿಪ್ಪು ಕಟ್ಟಲು ಅದೇ ಬೇಕು. ಮಲೆನಾಡಿನ ಮೆತ್ತನೆ ನೀರಿನಲ್ಲಿ ಚಿಪ್ಪು ಸವೆದು ತೂತು ಬೀಳುವುದುಂಟು. ನಮ್ಮ ನೀರಿನಲ್ಲಿ ಅವು ಗಟ್ಟಿಮುಟ್ಟು. ಹಾಗಂತ ನೀರು ಬದಲಿಸಲು ಹೋಗಬೇಡಿ. ಗಪ್ಪಿಗೂ ಈ ಗಡುಸು ನೀರೇ ಸರಿ ಹೋಗುತ್ತದೆ.

ಆದರೆ ಸುಣ್ಣ ಹೊಟ್ಟೆ ತುಂಬಿಸುವುದಿಲ್ಲ. ಹುಳದ ಸಂಖ್ಯೆ ನಿರ್ಧಾರವಾಗುವುದು ಊಟದಿಂದ. ತೊಟ್ಟಿಯೊಳಗಿನ ಪಾಚಿ, ಕೊಳೆತ ಎಲೆ, ಎಲ್ಲಕ್ಕಿಂತ ಹೆಚ್ಚಾಗಿ ಮೀನು ತಿಂದು ಬಿಟ್ಟ ಕಾಳು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 54 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಹತ್ತು ಗಪ್ಪಿ ಇದ್ದರೆ ಅವು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಕಾಳು ದಿನಕ್ಕೊಮ್ಮೆ ಸಾಕು. ಅದು ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಅನಿಸದಷ್ಟು. ನಮ್ಮ ಊರಲ್ಲಿ ಅಷ್ಟಕ್ಕೆ ನಿಲ್ಲಿಸುವ ಮನೆ ಎಲ್ಲಿದೆ? ಬಂದವರೆಲ್ಲ ಒಂದು ಚಿಟಿಕೆ ಹಾಕುತ್ತಾರೆ. ಮೀನು ಮನುಷ್ಯರನ್ನು ಕಂಡ ತಕ್ಷಣ ಮೇಲೆ ಬಂದು ಬಾಯಿ ತೆರೆಯುತ್ತದೆ. ಹಸಿದಿರಲಿ, ಹೊಟ್ಟೆ ತುಂಬಿರಲಿ, ಅದು ಮೀನಿನ ರೂಢಿ.

ನಮ್ಮ ಅವ್ವನಿಗೆ ಇದನ್ನು ಒಪ್ಪಿಸುವುದು ತಾಮ್ರದ ರಸಾಯನಶಾಸ್ತ್ರ ವಿವರಿಸುವುದಕ್ಕಿಂತ ಕಷ್ಟವಾಯಿತು. "ಬಾಯಿ ತಗದು ಕೇಳ್ತಾವು, ಹಸದಾವು ಪಾಪ" ಅಂತ ಜೋಳದ ರೊಟ್ಟಿ ಚೂರು ಹಾಕುತ್ತಿದ್ದಳು. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದವಳಲ್ಲ, ಮನೆಯಲ್ಲೇ ಇರುವ ಮೀನನ್ನು ಉಪವಾಸ ಕೆಡವುತ್ತಾಳೆಯೇ? ರೊಟ್ಟಿ ಚೂರು ಮೀನಿಗೆ ಬಾಯಿಗೆ ಹಿಡಿಯದೆ ತಳಕ್ಕೆ ಹೋಗುತ್ತಿತ್ತು. ರಾತ್ರಿ ಅಲ್ಲಿ ಹುಳುಗಳ ಸಂತೆ. ಕೊನೆಗೆ ತಮ್ಮ ಒಂದು ಉಪಾಯ ಮಾಡಿದ. ಅವ್ವ ಸೋಮವಾರ ಒಪ್ಪತ್ತು ಇರುತ್ತಾಳೆ. "ಮೀನಿಗೂ ಸೋಮವಾರ ಒಪ್ಪತ್ತು ಇಡಸೋಣು" ಅಂದ. ಅದಕ್ಕೆ ಒಪ್ಪಿದಳು. ವಾರಕ್ಕೆ ಒಂದು ದಿನ ಪೂರ್ತಿ ಕಾಳು ಬಂದ್ ಮಾಡಿದರೆ ಆರೋಗ್ಯವಂತ ದೊಡ್ಡ ಮೀನಿಗೆ ಏನೂ ಆಗುವುದಿಲ್ಲ. ಉಳಿದ ದಿನಕ್ಕೆ ಚಹಾ ಪುಡಿಯ ಡಬ್ಬಿಯೊಳಗಿನ ಸಣ್ಣ ಚಮಚ ಗೊತ್ತುಮಾಡಿ, ಅದರ ಕಾಲು ಭಾಗ, ಬೆಳಿಗ್ಗೆ ಒಂದು ಸಲ ಅಂತ ಕಟ್ಟು ಮಾಡಿದೆವು. ಕಾಳಿನ ಡಬ್ಬಿ ತೊಟ್ಟಿಯ ಮೇಲಿನಿಂದ ಅಡುಗೆಮನೆಯ ಕಪಾಟಿಗೆ ಹೋಯಿತು. ಬಂದವರ ಕೈಗೆ ಸಿಗದಂತೆ ಆಗಿದ್ದೇ ಅರ್ಧ ಕೆಲಸ.

ಊಟ ಕಡಿಮೆಯಾದರೂ ಇರುವ ಹುಳು ಒಂದೇ ದಿನಕ್ಕೆ ಹೋಗುವುದಿಲ್ಲ. ಅವನ್ನು ಕೈಯಿಂದ ತೆಗೆಯಬೇಕು. ಇಲ್ಲಿ ಬರುತ್ತದೆ ಸೌತೆಕಾಯಿ. ರಾತ್ರಿ ದೀಪ ಆರಿಸುವಾಗ ಒಂದು ದಪ್ಪ ಹೋಳು ಸೌತೆಕಾಯಿಯನ್ನು ಸ್ಟೀಲ್ ಚಮಚಕ್ಕೆ ಚುಚ್ಚಿ ತಳಕ್ಕೆ ಬಿಡಿ. ಚಮಚ ಏಕೆಂದರೆ ಸೌತೆಕಾಯಿ ತೇಲುತ್ತದೆ. ಕೋಸಿನ ಎಲೆಯಾದರೆ ಒಂದು ಕುದಿ ಕುದಿಸಿ ಮೆತ್ತಗೆ ಮಾಡಿ ಕಲ್ಲು ಕಟ್ಟಿ ಬಿಡಬಹುದು. ಬೆಳಿಗ್ಗೆ ಬೆಳಕು ಹರಿಯುವ ಮೊದಲು ಸದ್ದಿಲ್ಲದೆ ಎತ್ತಿಬಿಡಿ, ಹುಳು ಅದಕ್ಕೆ ಅಂಟಿಕೊಂಡೇ ಬರುತ್ತವೆ. ತಡವಾದರೆ ಮೊಳೆಹುಳು ಮತ್ತೆ ಮರಳಿಗೆ ಇಳಿದಿರುತ್ತವೆ, ಉಳಿದ ಸೌತೆಕಾಯಿ ನೀರು ಕೆಡಿಸುತ್ತದೆ. ನಮ್ಮ ಮನೆಯ ತೊಟ್ಟಿಯಲ್ಲಿ ಮೊದಲ ರಾತ್ರಿ 47 ಬಂದವು. ನಸುಕಿನಲ್ಲಿ ಏಳುವವಳು ಅವ್ವ, ಹಾಗಾಗಿ ಈ ಕೆಲಸ ಅವಳ ಪಾಲಿಗೆ ಹೋಯಿತು. ಮೀನಿಗೆ ಹಾಕುವುದು ತಪ್ಪಿದ ಬೇಜಾರು ಹುಳು ಎಣಿಸುವುದರಲ್ಲಿ ಹೋಯಿತು ಅಂತ ಕಾಣುತ್ತದೆ. ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕ ಹುಳದ ಲೆಕ್ಕ ಬರೆಯುತ್ತಿದ್ದಳು. ದಿನ ಬಿಟ್ಟು ದಿನ ಹೀಗೆ ಮಾಡಿದ ಮೇಲೆ ಮೂರನೇ ವಾರಕ್ಕೆ 12ಕ್ಕೆ ಇಳಿಯಿತು. ಜೊತೆಗೆ ಹಗಲಲ್ಲಿ ಗಾಜಿನ ಮೇಲೆ, ಎಲೆ ಹಿಂದೆ ಕಾಣುವ ಮೊಟ್ಟೆ ಮುದ್ದೆಯನ್ನು ಉಗುರಿನಿಂದ ಕೆರೆದು ತೆಗೆಯಬೇಕು. ನೀರಿಗೆ ಬಿಟ್ಟರೆ ಉಪಯೋಗವಿಲ್ಲ, ಹೊರಗೆ ತೆಗೆಯಬೇಕು.

ಪೂರ್ತಿ ಸೊನ್ನೆ ಮಾಡಬೇಕೇ? ಮನೆಯ ತೊಟ್ಟಿಗಾದರೆ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಹತ್ತಿಪ್ಪತ್ತು ಹುಳು ಗಾಜಿನ ಪಾಚಿ ತಿನ್ನುತ್ತವೆ, ಸತ್ತ ಎಲೆ ತಿನ್ನುತ್ತವೆ, ಹಸಿರಾಗಿ ಚೆನ್ನಾಗಿರುವ ಗಿಡವನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಲಿಮ್ನಿಯಾ ಮಾತ್ರ ಮೆತ್ತನೆ ಎಲೆಗೆ ಬಾಯಿ ಹಾಕುವುದುಂಟು. ಮೊಳೆಹುಳು ಮರಳನ್ನು ಉಳುತ್ತದೆ, ಹೊಲದ ಎರೆಹುಳುವಿನ ಹಾಗೆ. ಇನ್ನೊಂದು ಉಪಕಾರವೂ ಇದೆ. ಮೊಳೆಹುಳು ಕಿವಿರಿನಿಂದ ಉಸಿರಾಡುವ ಜಾತಿ. ಅವೆಲ್ಲ ಹಾಡುಹಗಲೇ ಮರಳು ಬಿಟ್ಟು ಗಾಜು ಹತ್ತಿ ನೀರಿನ ಮೇಲ್ಭಾಗಕ್ಕೆ ಬಂದರೆ ತಳದಲ್ಲಿ ಆಮ್ಲಜನಕ ಕಡಿಮೆಯಾಗಿದೆ, ನೀರು ಕೆಟ್ಟಿದೆ ಎಂದು ತಿಳಿಯಿರಿ. ಮೀನು ಸಾಯುವ ಮೊದಲೇ ಸುದ್ದಿ ಕೊಡುತ್ತದೆ. ನಮ್ಮ ಪೈಕಿಯೇ ಅನ್ನಿ.

ಮಾರುವವರಿಗೆ ಮಾತ್ರ ಸೊನ್ನೆಯೇ ಬೇಕು. ಮಾಳಿಗೆಯ ತೊಟ್ಟಿಗಳ ವಿಷಯದಲ್ಲಿ ನಾವು ಹುಳು ಬಂದ ಮೇಲೆ ಹಿಡಿಯುವುದಕ್ಕಿಂತ ಬಾಗಿಲಲ್ಲೇ ತಡೆಯುವುದಕ್ಕೆ ಹೆಚ್ಚು ಸಮಯ ಕೊಡುತ್ತೇವೆ. ಹೊಸ ಗಿಡ ಯಾರಿಂದ ಬಂದರೂ ನೇರ ತೊಟ್ಟಿಗೆ ಹೋಗುವುದಿಲ್ಲ. ಮೊದಲು ನಲ್ಲಿ ಕೆಳಗೆ ಎಲೆ ಎಲೆ ತೊಳೆದು, ಹಳೆ ಎಲೆ ಕಿತ್ತು, ಬೇರಿನ ಮಣ್ಣು ಬಿಡಿಸುತ್ತೇವೆ. ಆಮೇಲೆ ಪಟಿಕದ ನೀರು. ಪಟಿಕ ಅಂದರೆ ಸಲೂನಿನಲ್ಲಿ ಗಡ್ಡ ತೆಗೆದ ಮೇಲೆ ಗಲ್ಲಕ್ಕೆ ಉಜ್ಜುವ ಬಿಳಿ ಕಲ್ಲು. ಪುಡಿ ಮಾಡಿ ಲೀಟರಿಗೆ ಒಂದು ಟೀ ಚಮಚದಂತೆ ಕರಗಿಸಿ ಗಿಡವನ್ನು ಎರಡು ಮೂರು ತಾಸು ಮುಳುಗಿಸಿ, ಚೆನ್ನಾಗಿ ತೊಳೆಯಬೇಕು. ಹುಳು ಸಾಯುತ್ತವೆ. ಮೊಟ್ಟೆ ಮಾತ್ರ ಅಂಟಿನೊಳಗೆ ಕ್ಷೇಮವಾಗಿ ಉಳಿಯಬಹುದು. ಬಾವಿಗೆ ಹಾಕುವ ನೇರಳೆ ಪುಡಿ, ಪೊಟ್ಯಾಸಿಯಂ ಪರ್ಮಾಂಗನೇಟ್, ತೆಳು ಗುಲಾಬಿ ಬಣ್ಣ ಬರುವಷ್ಟು ಹಾಕಿ ಹತ್ತು ನಿಮಿಷ ಅದ್ದುವವರೂ ಇದ್ದಾರೆ. ಅದಕ್ಕೂ ಮೊಟ್ಟೆಯ ವಿಷಯದಲ್ಲಿ ಇದೇ ಮಾತು.

ಮೊಟ್ಟೆಗೆ ನಾವು ಕಂಡುಕೊಂಡ ಮದ್ದು ಬಕೆಟ್ಟು ಮತ್ತು ತಾಳ್ಮೆ. ಪಟಿಕದ ಸ್ನಾನವಾದ ಗಿಡವನ್ನು ಮೀನಿಲ್ಲದ ಬಿಳಿ ಬಕೆಟಿನಲ್ಲಿ ಮೂರು ವಾರ ಬಿಡುತ್ತೇವೆ. ಒಡೆಯುವ ಮೊಟ್ಟೆ ಆ ಅವಧಿಯಲ್ಲಿ ಒಡೆಯುತ್ತದೆ, ಬಿಳಿ ಗೋಡೆಯ ಮೇಲೆ ಮರಿ ಕಾಣುತ್ತದೆ, ತೆಗೆದು ಹಾಕುತ್ತೇವೆ. ಕಂಡರೆ ಮತ್ತೆ ಮೂರು ವಾರ. ಬಕೆಟು ಬಿಳಿಯೇ ಇರಲಿ, ಕಪ್ಪು ಬಕೆಟಿನಲ್ಲಿ ಮರಿ ಕಾಣುವುದಿಲ್ಲ. ಪ್ರಯೋಗಾಲಯದಲ್ಲಿ ಜೆಲ್ಲಿಯೊಳಗೆ ಬೆಳೆಸಿದ ಟಿಶ್ಯೂ ಕಲ್ಚರ್ ಗಿಡದ ಡಬ್ಬಿ ಸಿಗುತ್ತದೆ, ಅದರಲ್ಲಿ ಹುಳುವೂ ಇಲ್ಲ ಮೊಟ್ಟೆಯೂ ಇಲ್ಲ. ತುಸು ತುಟ್ಟಿ, ಆದರೆ ಹೊಸದಾಗಿ ಶುರು ಮಾಡುವವರಿಗೆ ಅದೇ ಒಳ್ಳೆಯದು. ಬಕೆಟಿನ ಪದ್ಧತಿ ಶುರುವಾದ ಮೇಲೆ ಆ ಅಂಗಡಿಯವರು ಮತ್ತೆ ಗಿಡ ತೆಗೆದುಕೊಳ್ಳುತ್ತಿದ್ದಾರೆ. ಮೊದಲ ಸಲ ಒಂದೊಂದು ಕಟ್ಟನ್ನೂ ಬೆಳಕಿಗೆ ಹಿಡಿದು ನೋಡಿಯೇ ದುಡ್ಡು ಕೊಟ್ಟರು.

ಈಗ ಮೈಲುತುತ್ತದ ವಿಷಯ. ಹಾನಗಲ್ ಕಡೆಯ ಅಡಿಕೆ ತೋಟದ ಹುಡುಗನೊಬ್ಬ ನಮಗೆ ಫೋಟೊ ಕಳಿಸಿದ್ದ. ಫೋಟೊದಲ್ಲಿ ಹುಳು ಒಂದೂ ಜೀವಂತ ಇರಲಿಲ್ಲ. ಮೀನೂ ಇರಲಿಲ್ಲ. ತೋಟಕ್ಕೆ ತಂದಿಟ್ಟ ಮೈಲುತುತ್ತದಲ್ಲಿ ಒಂದು ಚಿಟಿಕೆ ರಾತ್ರಿ ತೊಟ್ಟಿಗೆ ಹಾಕಿದ್ದನಂತೆ. ಅಡಿಕೆ ಕೊಳೆರೋಗಕ್ಕೆ ನಮ್ಮವರು ಬೋರ್ಡೋ ದ್ರಾವಣ ಹೊಡೆಯುತ್ತಾರೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮನೆಯಲ್ಲಿ ಇರುವ ವಸ್ತು, ಹುಳು ಸಾಯುವುದೂ ನಿಜ. ತಾಮ್ರ ಬಸವನಹುಳುವಿಗೆ ವಿಷ ಅನ್ನುವುದು ಹಳೆಯ ತಿಳಿವಳಿಕೆ, ಈಜಿಪ್ಟಿನಲ್ಲಿ ಹುಳುವಿನಿಂದ ಹರಡುವ ರೋಗ ತಡೆಯಲು ಕಾಲುವೆಗಳಿಗೆ ತಾಮ್ರದ ಸಲ್ಫೇಟನ್ನೇ ಹಾಕುತ್ತಿದ್ದರು.

ಲೆಕ್ಕ ಹಾಕಿ ನೋಡಿ. ಚಿಟಿಕೆ ಅಂದರೆ ಅರ್ಧ ಗ್ರಾಂ ಹಿಡಿಯೋಣ. ಮೈಲುತುತ್ತದಲ್ಲಿ ನಾಲ್ಕನೇ ಒಂದು ಪಾಲು ತಾಮ್ರ. 54 ಲೀಟರ್ ನೀರಿಗೆ ಅದು ಲೀಟರಿಗೆ 2 ಮಿಲಿಗ್ರಾಂ ದಾಟುತ್ತದೆ. ಅಕ್ವೇರಿಯಂನಲ್ಲಿ ಸಾಕುವ ಕೆಂಪು ಸೀಗಡಿ ಇದರ ಸಣ್ಣ ಪಾಲಿಗೇ ಸಾಯುತ್ತದೆ. ತಾಮ್ರ ಮೀನಿನ ಕಿವಿರನ್ನು ಕೆಡಿಸುತ್ತದೆ. ಅದರ ಮೇಲೆ ನೂರಾರು ಹುಳು ಒಂದೇ ರಾತ್ರಿ ಸತ್ತು ಕೊಳೆತರೆ ಅಮೋನಿಯಾ ಏರುತ್ತದೆ. ತಾಮ್ರಕ್ಕೆ ಉಳಿದ ಮೀನು ಅಮೋನಿಯಾಕ್ಕೆ ಹೋಗುತ್ತದೆ. ಆ ಹುಡುಗ ಮೂರು ಸಲ ನೀರು ಬದಲಿಸಿ ಹೊಸ ಸೀಗಡಿ ಬಿಟ್ಟ, ಅವೂ ಸತ್ತವು. ತಾಮ್ರ ಮರಳಿಗೆ, ಕಲ್ಲಿಗೆ ಅಂಟಿಕೊಂಡು ಕೂತಿರುತ್ತದೆ, ನೀರು ಚೆಲ್ಲಿದರೆ ಹೋಗುವುದಿಲ್ಲ. ಕೊನೆಗೆ ಮರಳನ್ನೇ ಹೊರಗೆ ಹಾಕಬೇಕಾಯಿತು. ಬೋರ್ಡೋ ದ್ರಾವಣದಲ್ಲಿ ಸುಣ್ಣ ತಾಮ್ರವನ್ನು ಹಿಡಿದಿಡುತ್ತದೆ. ತೊಟ್ಟಿಗೆ ಬರಿ ಮೈಲುತುತ್ತ ಹಾಕಿದವನಿಗೆ ಆ ರಕ್ಷಣೆಯೂ ಇರಲಿಲ್ಲ.

ಹಿಪ್ಪೆ ಹಿಂಡಿ ಹಾಕಿದರೆ ಹೇಗೆ ಅಂತ ಒಬ್ಬರು ಕೇಳಿದ್ದರು. ಮೀನು ಸಾಕುವ ಹೊಂಡದಲ್ಲಿ ಬೇಡದ ಮೀನನ್ನು ಕೊಲ್ಲಲು ಬಳಸುವುದೇ ಹಿಪ್ಪೆ ಹಿಂಡಿ. ಅಷ್ಟು ಹೇಳಿದರೆ ಸಾಕಲ್ಲ. ತೋಟದ ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ನೆಲದ ಮೇಲಿನ ಹುಳುವಿಗೆ, ನೀರಿಗಲ್ಲ. ಅದನ್ನು ನಾಯಿ, ಬೆಕ್ಕಿನಿಂದಲೂ ದೂರ ಇಡಬೇಕು.

ಹುಳು ತಿನ್ನುವ ಮೀನು ಬಿಡಿ ಅಂತ ಅಂಗಡಿಯವರು ಹೇಳುತ್ತಾರೆ. ಅದರಲ್ಲಿ ಒಂದು ಮೀನಿನ ಕತೆ ನಮಗೆ ಬಹಳ ಇಷ್ಟ. ಮೈತುಂಬ ಜೀಬ್ರಾದಂಥ ಪಟ್ಟೆ ಇರುವ, ಬೆರಳುದ್ದದ ಲೋಚ್ ಮೀನು. ಬೋಟಿಯಾ ಸ್ಟ್ರಯೇಟಾ ಅದರ ಶಾಸ್ತ್ರೀಯ ಹೆಸರು. ಅಮೆರಿಕ, ಯುರೋಪಿನ ಅಕ್ವೇರಿಯಂ ಅಂಗಡಿಗಳಲ್ಲೂ ಬಸವನಹುಳುವಿಗೆ ಮದ್ದು ಅಂತ ಇದನ್ನು ಮಾರುತ್ತಾರೆ. ಇದು ಮೊದಲು ವಿಜ್ಞಾನಕ್ಕೆ ಪರಿಚಯವಾಗಿದ್ದು ತೀರ್ಥಹಳ್ಳಿಯ ತುಂಗಾ ನದಿಯಿಂದ. 1920ರಲ್ಲಿ ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣರಾವ್. ಮುಂದೆ 'ಕರೆಂಟ್ ಸೈನ್ಸ್' ಪತ್ರಿಕೆಗೆ ಮೊದಲ ಸಂಪಾದಕರಾದವರೂ ಅವರೇ. ತುಂಗೆ ಭದ್ರೆಯ ಜೊತೆ ಸೇರಿ ನಮ್ಮ ಹಾವೇರಿ ಜಿಲ್ಲೆಯ ಅಂಚಿನಲ್ಲಿ ಹರಿಯುತ್ತದೆ, ನಮ್ಮ ವರದೆ ಗಳಗನಾಥದಲ್ಲಿ ಅದನ್ನು ಕೂಡುತ್ತದೆ. ಅಂದರೆ ಊರ ಹೊಳೆಯ ನೆಂಟ ಪ್ರಪಂಚ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹುಬ್ಬಳ್ಳಿಗೆ ಬಂದಿದ್ದಾನೆ. ಆದರೆ ಈ ಮೀನು ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಹೊಳೆಯಿಂದಲೇ ಹಿಡಿದು ಮಾರುವುದೂ ಅದಕ್ಕೆ ಒಂದು ಕಾರಣ. ಅದು ಗುಂಪಿನಲ್ಲಿ ಬದುಕುವ ಮೀನು. ಐದಾರಾದರೂ ಬೇಕು, ಅವಕ್ಕೆ ನೂರು ಲೀಟರಿನ ತೊಟ್ಟಿ ಬೇಕು. ಎರಡಡಿ ತೊಟ್ಟಿಗೆ ಒಂದೇ ಒಂದು ತಂದು ಬಿಟ್ಟರೆ ಕಲ್ಲಿನ ಸಂದಿಯಲ್ಲಿ ಕೂತು ಬಡವಾಗುತ್ತದೆ. ಹುಳು ಓಡಿಸುವ ಸಲುವಾಗಿ ಅದನ್ನು ಕೊಳ್ಳಬೇಡಿ ಅನ್ನುವುದು ನಮ್ಮ ಕೋರಿಕೆ. ಸೌತೆಕಾಯಿ ಅಗ್ಗ.

ಕೆರೆಯ ಗಿಡದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹೈಡ್ರಿಲ್ಲಾ ಯಾರಿಗೆ ಗೊತ್ತಿಲ್ಲ, ಹೈಸ್ಕೂಲಿನಲ್ಲಿ ಬೀಕರಿನೊಳಗೆ ಆಲಿಕೆ ಬೋರಲು ಹಾಕಿ ಗುಳ್ಳೆ ನೋಡಿದ್ದು ಅದೇ ಗಿಡ. ಕೆರೆಯಲ್ಲಿ ಪುಕ್ಕಟೆ ಸಿಗುತ್ತದೆ ಅಂತ ಹುಡುಗರು ಇಳಿದು ಕಿತ್ತು ತರುತ್ತಾರೆ. ಅದರೊಂದಿಗೆ ಚಕ್ಕುಲಿ ಹುಳು ಬಂದೇ ಬರುತ್ತದೆ. ಕೆರೆಯ ಚಕ್ಕುಲಿ ಹುಳು ಬೇರೆ ಕತೆ. ನಮ್ಮ ಕಡೆ ಎತ್ತು ಗೊರಕೆ ಹೊಡೆಯುತ್ತದೆ ಅನ್ನುವುದನ್ನು ಕೇಳಿರುತ್ತೀರಿ. ಮೂಗು ಕಟ್ಟಿ, ಸಿಂಬಳ ಸುರಿದು, ಉಸಿರಾಡುವಾಗ ಸದ್ದು ಬರುವ ಆ ರೋಗಕ್ಕೆ ಕಾರಣ ಒಂದು ಸಣ್ಣ ಜಂತು. ಎಂ.ಎ.ಎನ್. ರಾವ್ 1933ರಲ್ಲಿ ಅದನ್ನು ಗುರುತಿಸಿ ಮೂಗಿನ ಹೆಸರನ್ನೇ ಸೇರಿಸಿ ಶಿಸ್ಟೊಸೋಮಾ ನೇಸಾಲೆ ಅಂತ ಕರೆದರು. ದನದ ಮೂಗಿನ ರಕ್ತನಾಳದಲ್ಲಿ ಜಂತು ಇರುತ್ತದೆ. ದನ ಕೆರೆಗೆ ಬಾಯಿ ಹಚ್ಚಿದಾಗ ಸಿಂಬಳದ ಜೊತೆ ಮೊಟ್ಟೆ ನೀರಿಗೆ ಬೀಳುತ್ತದೆ. ಮರಿ ಹೋಗಿ ಈ ಚಕ್ಕುಲಿ ಹುಳುವಿನೊಳಗೆ ಸೇರುತ್ತದೆ. ಅಲ್ಲಿ ಒಂದಕ್ಕೆ ನೂರಾಗಿ ಮತ್ತೆ ನೀರಿಗೆ ಬಂದು, ನೀರಲ್ಲಿ ನಿಂತ ದನದ ಚರ್ಮ ತೂರಿ ಒಳಗೆ ಹೋಗುತ್ತದೆ. ಎಮ್ಮೆಗೂ ಅಂಟುತ್ತದೆ, ಆದರೆ ಅಷ್ಟಾಗಿ ಕಾಣಿಸುವುದಿಲ್ಲ. ಲಿಮ್ನಿಯಾ ಜಾತಿಯ ಹುಳು ಇದೇ ರೀತಿ ಕುರಿ, ದನಗಳ ಯಕೃತ್ತಿನ ಜಂತುವನ್ನು ಸಾಗಿಸುತ್ತದೆ.

ಹೆದರಿಸಲು ಹೇಳುತ್ತಿಲ್ಲ. ದನದ ಮೂಗಿನ ಆ ಜಂತು ಮನುಷ್ಯನಲ್ಲಿ ಬೆಳೆಯುವುದಿಲ್ಲ, ಚರ್ಮಕ್ಕೆ ತೂರಲು ನೋಡಿ ಅಲ್ಲೇ ಸಾಯುತ್ತದೆ. ಕೆರೆಯಲ್ಲಿ ಇಳಿದವರಿಗೆ ಕಾಲು ತುರಿಸಿ ಕೆಂಪು ಗುಳ್ಳೆ ಏಳುವುದಕ್ಕೆ ಇದೂ ಒಂದು ಕಾರಣ. ಕೆರೆಯ ಹುಳು ಇರುವ ಬಕೆಟಿಗೆ ಬರಿಗೈ ಹಾಕಬೇಡಿ, ಮಕ್ಕಳ ಕೈಗೆ ಕೊಡಬೇಡಿ. ತಾಯಿ ಹುಳುವಿನಿಂದ ಮೊಟ್ಟೆಗೆ ಈ ಜಂತು ಹೋಗುವುದಿಲ್ಲ. ನಿಮ್ಮ ತೊಟ್ಟಿಯಲ್ಲೇ ಹುಟ್ಟಿದ ಹುಳುವಿನ ಒಳಗೆ ಅದು ಇರುವುದಿಲ್ಲ, ಏಕೆಂದರೆ ನಿಮ್ಮ ತೊಟ್ಟಿಗೆ ಎತ್ತು ಬಾಯಿ ಹಚ್ಚುವುದಿಲ್ಲ. ನಾವಂತೂ ಕೆರೆಯಿಂದ ಗಿಡ ತರುವುದನ್ನೇ ಬಿಟ್ಟಿದ್ದೇವೆ.

ತೊಟ್ಟಿಯಿಂದ ಕೆರೆಗೆ ಹೋಗುವುದು ಇನ್ನೂ ಕೆಟ್ಟದ್ದು. ಸಾಕಿ ಬೇಸರವಾದವರು "ಪಾಪ, ಕೊಲ್ಲೋದ್ಯಾಕ" ಅಂತ ಬಕೆಟು ಸಮೇತ ಕೆರೆಗೆ ಸುರಿಯುತ್ತಾರೆ. ಒಂದು ಹಳೆಯ ಕತೆ ಕೇಳಿ. 1847ರಲ್ಲಿ ಬೆನ್ಸನ್ ಎಂಬ ಶಂಖಶಾಸ್ತ್ರಜ್ಞ ಮಾರಿಷಸ್‌ನಿಂದ ತಂದ ದೈತ್ಯ ಆಫ್ರಿಕನ್ ಬಸವನಹುಳು ಕಲ್ಕತ್ತೆಯ ಒಂದು ತೋಟ ಸೇರಿತು. ಪ್ರೀತಿಯಿಂದ ತಂದದ್ದೇ. ಅದರ ಸಂತಾನ ಇವತ್ತು ಕೊಡಗಿನ ಕಾಫಿ ತೋಟದಲ್ಲಿ ರೈತರು ಚೀಲ ಚೀಲ ಆರಿಸಿ ಉಪ್ಪು ಸುರಿಯುವಷ್ಟಾಗಿದೆ. ನೀರಿನಲ್ಲಿ ಇದಕ್ಕೆ ಸಮನಾದ ಕತೆ ಬಂಗಾರದ ಬಣ್ಣದ ದೊಡ್ಡ ಹುಳುವಿನದು. ದಕ್ಷಿಣ ಅಮೆರಿಕದ ಆ ಪೊಮೇಸಿಯಾ ಹುಳುವನ್ನು 1980ರ ಸುಮಾರಿಗೆ ಸಾಕಿ ತಿನ್ನಲೆಂದು ತೈವಾನಿಗೆ ತಂದರು. ಮಾರುಕಟ್ಟೆ ಸಿಗಲಿಲ್ಲ, ಹಳ್ಳಕ್ಕೆ ಬಿಟ್ಟರು. ಅಲ್ಲಿಂದ ಅದು ಫಿಲಿಪ್ಪೀನ್ಸ್, ವಿಯೆಟ್ನಾಂವರೆಗೆ ಎಳೆಯ ಭತ್ತದ ಸಸಿ ಕತ್ತರಿಸುವ ಪೀಡೆಯಾಯಿತು. ನಮ್ಮ ಅಂಗಡಿಗಳಲ್ಲಿ ಮಿಸ್ಟರಿ ಸ್ನೇಲ್ ಅಂತ ಹಳದಿ, ನೀಲಿ ಬಣ್ಣದಲ್ಲಿ ಮಾರುವುದು ಇದರ ಹತ್ತಿರದ ಸಂಬಂಧಿ. ಅದು ಅಷ್ಟು ಹೊಟ್ಟೆಬಾಕ ಅಲ್ಲ. ಆದರೆ ಎರಡನ್ನೂ ಪಕ್ಕದಲ್ಲಿಟ್ಟರೆ ಗುರುತಿಸುವುದು ತಿಳಿದವರಿಗೂ ಕಷ್ಟ. ಹಾನಗಲ್, ಶಿಗ್ಗಾವಿ ಭತ್ತದ ಸೀಮೆ. ನೀರಿನ ಮೇಲೆ, ಬದುವಿನ ಹುಲ್ಲಿಗೋ ಕಲ್ಲಿಗೋ ಅಂಟಿದ ಗಾಢ ಗುಲಾಬಿ ಬಣ್ಣದ ಮೊಟ್ಟೆ ಗೊಂಚಲು ಎಂದಾದರೂ ಕಂಡರೆ ಫೋಟೊ ತೆಗೆದು ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಿ. ನಮ್ಮ ಗದ್ದೆಯಲ್ಲಿ ಮೊದಲಿಂದ ಇರುವ ದೊಡ್ಡ ಹುಳು ಪೈಲಾ ಬಿಳಿ ಮೊಟ್ಟೆಯನ್ನು ಹಸಿ ಮಣ್ಣಿನಲ್ಲಿ ಇಡುತ್ತದೆ, ಅದು ಬಾಯ್ಕಳಕ ಕೊಕ್ಕರೆಯ ಊಟ, ಅದನ್ನು ಬಿಟ್ಟುಬಿಡಿ.

ಹಾಗಾದರೆ ಆರಿಸಿದ ಹುಳುವನ್ನು ಏನು ಮಾಡುವುದು? ಕೋಳಿಗೆ ಹಸಿಯಾಗಿ ಹಾಕಬೇಡಿ, ಕೆರೆಯ ಹುಳುವಾದರೆ ಕೋಳಿಗೂ ಜಂತು ಬರಬಹುದು. ನಾವು ಡಬ್ಬಿಯಲ್ಲಿ ಕೂಡಿಸಿ ಮೇಲೆ ಕುದಿಯುವ ನೀರು ಸುರಿಯುತ್ತೇವೆ, ಕ್ಷಣದಲ್ಲಿ ಮುಗಿಯುತ್ತದೆ, ಆಮೇಲೆ ತಿಪ್ಪೆಗೆ. ಚಿಪ್ಪಿನ ಸುಣ್ಣ ಗೊಬ್ಬರಕ್ಕೆ ಸೇರಲಿ. ತೊಟ್ಟಿ ತೊಳೆದ ನೀರನ್ನು ಗಟಾರಕ್ಕೆ ಬಿಡದೆ ಕರಿಬೇವಿನ ಗಿಡದ ಬುಡಕ್ಕೆ ಹಾಕುತ್ತೇವೆ. ಒಣ ಮಣ್ಣಿನಲ್ಲಿ ಮೊಟ್ಟೆ ಉಳಿಯುವುದಿಲ್ಲ, ಮೀನಿನ ಹೊಲಸು ಗಿಡಕ್ಕೆ ಒಳ್ಳೆಯದು.

ಅವ್ವ ಶುರುವಿನಲ್ಲಿ ಬಿಸಿನೀರು ಸುರಿಯಲು ಒಪ್ಪಿರಲಿಲ್ಲ. ಹೆಸರಲ್ಲೇ ಬಸವ ಇದ್ದಾನೆ, ತಲೆ ಮೇಲೆ ಎರಡು ಕೋಡು ಬೇರೆ. ಆ ಕೆಲಸ ಈಗಲೂ ತಮ್ಮನದೇ. ಅವಳು ಎತ್ತಿ, ಎಣಿಸಿ, ಕ್ಯಾಲೆಂಡರಿನಲ್ಲಿ ಬರೆದು ಡಬ್ಬಿ ಮುಚ್ಚಿಡುತ್ತಾಳೆ. ಮೊನ್ನೆ ಬುಧವಾರದ ಸಾಲಿನಲ್ಲಿ ಹಾಲು ಒಂದು ಲೀಟರ್, ಹುಳು 6 ಅಂತ ಇತ್ತು.